ಮುಪ್ಪಿನಲ್ಲಿ ಜಾರಿ ಬೀಳುವುದು



ರೋಗವೆಂದೊಡನೆ ಜ್ವರ, ಕೆಮ್ಮು, ಮಧುಮೇಹ, ರಕ್ತದ ಒತ್ತಡ, ಹೃದಯದ ವ್ಯಾಧಿ ಮೊದಲಾದುವು ನಮ್ಮ ಮನಸ್ಸಿಗೆ ಬರುವುವು. ಮನೆಯ ಹಿರಿಯರು ಬಚ್ಚಲಿನಲ್ಲಿ ಕಾಲು ಜಾರಿ ಬಿದ್ದರೆ ಅದನ್ನು ಯಾರೂ ರೋಗಗಳ ಪಟ್ಟಿಗೆ ಸೇರಿಸುವುದಿಲ್ಲ. ಗ್ರಹಗತಿ ನೆಟ್ಟಗಿರಲಿಲ್ಲವೆಂದೋ, ನೆಲ ಒದ್ದೆಯಾಗಿದ್ದಿತೆಂದೋ, ವಯಸ್ಸಾದ ಮೇಲೆ ಇದೆಲ್ಲಾ ಇದ್ದದ್ದೇ ಎಂದೋ ಹೇಳಿ ಸುಮ್ಮನಾಗುತ್ತೇವೆ. ಈ ದಿನ ನಾನು ತಮ್ಮ ಮುಂದೆ ಅರಿಕೆ ಮಾಡಬೇಕೆಂದಿರುವುದು ಇಷ್ಟೆ: ಮುಪ್ಪಿನಲ್ಲಿ ಬೀಳುವುದು ಕೇವಲ ಅದೃಷ್ಟದ ಮಾತಲ್ಲ, ಅದಕ್ಕೆ ಕಾರಣಗಳುಂಟು, ಆ ಕಾರಣಗಳಲ್ಲಿ ಹೆಚ್ಚಿನವು ಮನೆಯವರ ಕೈಯಲ್ಲಿಯೂ ವೈದ್ಯರ ಕೈಯಲ್ಲಿಯೂ ಇರತಕ್ಕವು.

65 ವರ್ಷ ಮೀರಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ಪ್ರತಿವರ್ಷವೂ ಒಂದು ಸಲವಾದರೂ ಬೀಳುತ್ತಾರೆ. ಬಿದ್ದ ಕಾರಣದಿಂದ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಮರಣ ಹೊಂದುವರೆಂದು ವಿಶ್ವ ಆರೋಗ್ಯ ಸಂಸ್ಥೆಯವರು 2021ರಲ್ಲಿ ಅಂದಾಜು ಕೊಟ್ಟರು. ಆಕಸ್ಮಿಕವಾದ ಅಪಘಾತಗಳಿಂದ ಆಗುವ ಸಾವುಗಳಲ್ಲಿ ರಸ್ತೆಯ ಅಪಘಾತಗಳದು ಮೊದಲನೆಯ ಸ್ಥಾನವಾದರೆ ಬೀಳುವುದರದು ಎರಡನೆಯದು. ರಸ್ತೆಯ ವಿಚಾರವಾಗಿ ನಮಗೆ ಇರುವ ಭಯದಲ್ಲಿ ಹತ್ತರಲ್ಲೊಂದು ಪಾಲು ಬಚ್ಚಲಿನ ವಿಚಾರವಾಗಿ ಇದ್ದರೆ ಎಷ್ಟೋ ಮನೆಗಳು ದುಃಖದಿಂದ ಪಾರಾಗುತ್ತಿದ್ದುವು.

ಜರ್ಮನಿಯ ರುಡಾಲ್ಫ್ ವಿರ್ಖೊ ಎಂಬಾತನ ಹೆಸರನ್ನು ವೈದ್ಯವಿದ್ಯಾರ್ಥಿಗಳೆಲ್ಲರೂ ಬಲ್ಲರು. ರೋಗವೆಂಬುದು ಜೀವಕೋಶಗಳ ವಿಕಾರವೆಂಬ ತತ್ತ್ವವನ್ನು ನೆಲೆಗೊಳಿಸಿದವನು ಆತನು. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದೆಂದು ತೋರಿಸಿಕೊಟ್ಟವನೂ ಆತನೇ. ಮುರಿದ ಕಾಲಿನೊಡನೆ ಹಾಸಿಗೆ ಹಿಡಿದವರಿಗೆ ಇಂದಿಗೂ ನಾವು ಅಂಜುವ ಅಪಾಯಗಳಲ್ಲಿ ಇದು ಒಂದು. ಅಂತಹ ಪಂಡಿತನು 1902ನೆಯ ಇಸವಿಯ ಜನವರಿಯಲ್ಲಿ, ತನ್ನ 80ನೆಯ ವಯಸ್ಸಿನಲ್ಲಿ, ಬರ್ಲಿನ್ ನಗರದಲ್ಲಿ ಓಡುತ್ತಿದ್ದ ಟ್ರಾಮಿನಿಂದ ಇಳಿಯಹೋಗಿ ಬಿದ್ದು ತೊಡೆಯ ಮೂಳೆಯನ್ನು ಮುರಿದುಕೊಂಡನು. ಅಲ್ಲಿಯವರೆಗೆ ಗಟ್ಟಿಮುಟ್ಟಾಗಿ ಓಡಾಡುತ್ತಿದ್ದ ಆ ದೇಹವು ಅನಂತರ ಚೇತರಿಸಿಕೊಳ್ಳಲೇ ಇಲ್ಲ. ಅದೇ ವರ್ಷದ ಸೆಪ್ಟೆಂಬರ್ 5ರಂದು ಆತನು ತೀರಿಕೊಂಡನು. ಮೂಳೆ ಮುರಿದುದರಿಂದ ಮನುಷ್ಯನು ಸಾಯುವುದಿಲ್ಲ; ಮುರಿದ ಮೇಲೆ ಮಲಗುವುದರಿಂದ ಸಾಯುತ್ತಾನೆ. ಈ ಮಾತಿಗೆ ಮುಂದೆ ಬರುತ್ತೇನೆ.

ಇಷ್ಟು ದೂರ ಹೋಗಬೇಕಾಗಿಲ್ಲ. ನನ್ನ ಮನೆಯ ವಿಷಯವನ್ನೇ ಹೇಳುತ್ತೇನೆ. ವೈದ್ಯನ ಮನೆಯಲ್ಲಿಯೇ ಹೀಗಾಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಕೇಳುವವರಿಗೆ ಪ್ರಯೋಜನವಾದೀತೆಂದು ಸಂಕೋಚವನ್ನು ಬಿಟ್ಟಿದ್ದೇನೆ.

ನನ್ನ ತಾಯಿಯವರಿಗೆ ಆಗ 78 ವರ್ಷ. ಮೈಸೂರಿನ ನಮ್ಮ ಹಳೆಯ ಮನೆಯಲ್ಲಿ ತಮ್ಮನ ಸಂಸಾರದೊಡನೆ ಇದ್ದರು. ಆ ಮನೆ ಹಿಂದಿನ ಕಾಲದ್ದು. ನುಣುಪಾದ ಕೆಂಪು ಗಾರೆಯ ನೆಲ, ಕೋಣೆಕೋಣೆಗೂ ಎತ್ತರದ ಹೊಸ್ತಿಲು, ಹಿತ್ತಲ ಕಡೆಗೆ ಎರಡು ಮೆಟ್ಟಿಲು ಇಳಿದು ಹೋಗಬೇಕಾದ ಬಚ್ಚಲು. ಒಂದು ರಾತ್ರಿ ಎರಡೂವರೆ ಗಂಟೆಯ ಸುಮಾರಿನಲ್ಲಿ ಬಚ್ಚಲಿಗೆಂದು ಎದ್ದವರು ನಡುಮನೆಯ ಹೊಸ್ತಿಲ ಬಳಿ ಬಿದ್ದರು. ತಮ್ಮನೂ ಅವನ ಹೆಂಡತಿಯೂ ಓಡಿ ಬಂದು, ಆತುರದಲ್ಲಿ ಇಬ್ಬರೂ ರಟ್ಟೆ ಹಿಡಿದು ಎತ್ತಿ ನಿಲ್ಲಿಸಲು ನೋಡಿದರು. ತಾಯಿಯವರು ನೋವಿನಿಂದ ಕೂಗಿಕೊಂಡರು. ಹಾಗೆಯೇ ಹೊತ್ತು ತಂದು ಹಾಸಿಗೆಯ ಮೇಲೆ ಮಲಗಿಸಿದರು. ಬೆಳಗ್ಗೆ ಎಣ್ಣೆ ಕಾಯಿಸಿ ನೀವಿದರು. ಬಿಸಿನೀರಿನ ಶಾಖ ಕೊಟ್ಟರು. ನೆರೆಯವರೊಬ್ಬರು ಮೂಳೆ ಕಟ್ಟುವವನೊಬ್ಬನನ್ನು ಕರೆತಂದರು. ಅವನು ತೊಡೆಯ ಸಂದನ್ನು ಅದುಮಿ ನೋಡಿ, ನರ ಹೊರಳಿದೆ, ಮೂರು ಕಟ್ಟಿಗೆ ಸರಿಹೋಗುವುದೆಂದು ಹೇಳಿ ಪಟ್ಟು ಹಾಕಿದನು. ಪರಸ್ಥಳದಲ್ಲಿದ್ದ ನನಗೆ ದೂರವಾಣಿಯಲ್ಲಿ ತಿಳಿಸಿದಾಗ, ತಾಯಿಯವರೇ ಮಾತನಾಡಿ, "ಏನೂ ಇಲ್ಲಪ್ಪಾ, ಸ್ವಲ್ಪ ಉಳುಕಿದೆ, ನೀನು ಕೆಲಸ ಬಿಟ್ಟು ಬರಬೇಡ" ಎಂದರು. ನಾನು ನಂಬಿದೆ, ಅಥವಾ ನಂಬುವುದು ನನಗೆ ಅನುಕೂಲವಾಗಿತ್ತು. ಆರನೆಯ ದಿನ ಬಂದು ನೋಡುತ್ತೇನೆ, ಬಾಗಿಲಲ್ಲಿ ನಿಂತಾಗಲೇ ಕಂಡಿತು: ಎಡಗಾಲು ಬಲಗಾಲಿಗಿಂತ ಒಂದಂಗುಲ ಗಿಡ್ಡವಾಗಿ, ಪಾದವು ಹೊರಕ್ಕೆ ತಿರುಗಿ ಬಿದ್ದಿತ್ತು. ತೊಡೆಯ ಮೂಳೆಯ ಕತ್ತು ಮುರಿದಿತ್ತು. ಆರು ದಿನ ಅವರು ಆ ಮುರಿದ ಮೂಳೆಯನ್ನು ಇಟ್ಟುಕೊಂಡು ನೀವಿಸಿಕೊಂಡಿದ್ದರು.

ಆಮೇಲೆ ವಿಚಾರಿಸುತ್ತಾ ಹೋದಾಗ ಎರಡು ಸಂಗತಿಗಳು ತಿಳಿದುವು. ಅವರು ಬಿದ್ದುದು ಅದೇ ಮೊದಲಲ್ಲ. ಹಿಂದಿನ ಮೂರು ತಿಂಗಳಲ್ಲಿ ಎರಡು ಸಲ ಬಿದ್ದಿದ್ದರು. ಇದು ಮನೆಯ ಕೆಲಸದವಳಿಗೆ ಗೊತ್ತಿತ್ತು, ಮಕ್ಕಳಿಗೆ ಗೊತ್ತಿರಲಿಲ್ಲ. ಏಕೆ ಹೇಳಲಿಲ್ಲವೆಂದು ಕೇಳಿದುದಕ್ಕೆ ತಾಯಿಯವರು, "ಹೇಳಿದ್ದರೆ ನನ್ನನ್ನು ದೇವಸ್ಥಾನಕ್ಕೆ ಹೋಗಗೊಡಿಸುತ್ತಿದ್ದಿರಾ?" ಎಂದು ಮರುಪ್ರಶ್ನೆ ಮಾಡಿದರು. ನಮ್ಮಲ್ಲಿ ಯಾರಿಗೂ ಉತ್ತರ ತೋಚಲಿಲ್ಲ. ಎರಡನೆಯದು ಇನ್ನೂ ಕಷ್ಟವಾದ ಮಾತು. ಅವರ ತಲೆದಿಂಬಿನ ಕೆಳಗೆ ನಿದ್ರೆಯ ಮಾತ್ರೆಗಳ ಪಟ್ಟಿಯೊಂದು ಸಿಕ್ಕಿತು. ಆರು ತಿಂಗಳ ಹಿಂದೆ, ನಿದ್ದೆ ಬರುವುದಿಲ್ಲವೆಂದು ಅವರು ಹೇಳಿದಾಗ, ಹದಿನೈದು ದಿನಗಳ ಮಟ್ಟಿಗೆಂದು ದೂರವಾಣಿಯಲ್ಲಿ ಆ ಮಾತ್ರೆಯ ಹೆಸರನ್ನು ಹೇಳಿದವನು ನಾನು. ಹದಿನೈದು ದಿನ ಕಳೆದ ಮೇಲೆ ನಿಲ್ಲಿಸಿದರೇ ಎಂದು ಕೇಳದೆ ಇದ್ದವನೂ ನಾನೇ. ಈ ನಡುವೆ ಬೇರೊಬ್ಬ ವೈದ್ಯರು ರಕ್ತದ ಒತ್ತಡಕ್ಕೆ ಔಷಧವನ್ನು ಹೆಚ್ಚಿಸಿದ್ದರು. ಅವರಿಗೆ ನನ್ನ ಮಾತ್ರೆ ತಿಳಿಯದು; ನನಗೆ ಅವರದು ತಿಳಿಯದು. ಎರಡೂ ಸೇರಿ ಆ ರಾತ್ರಿ ಎರಡೂವರೆ ಗಂಟೆಯಲ್ಲಿ ಕೆಲಸ ಮಾಡಿದುವು.

ಇನ್ನು ಕಾರಣಗಳ ವಿಚಾರ. ನಾವು ಎರಡು ಕಾಲಿನ ಮೇಲೆ ನಿಲ್ಲುವುದು ದೊಡ್ಡ ಸಾಹಸ. ಅಭ್ಯಾಸಬಲದಿಂದ ಅದು ಸಾಹಸವೆಂದು ತೋರುವುದಿಲ್ಲ. ಕಣ್ಣು, ಒಳಗಿವಿಯಲ್ಲಿರುವ ಸಮತೋಲನದ ಅಂಗ, ಅಂಗಾಲಿನ ಮತ್ತು ಕೀಲುಗಳ ಸ್ಪರ್ಶಜ್ಞಾನ, ಈ ಮೂರು ಕಡೆಯಿಂದಲೂ ಕ್ಷಣಕ್ಷಣವೂ ಮಿದುಳಿಗೆ ವರದಿ ಹೋಗುತ್ತಿರಬೇಕು. ಮಿದುಳು ಕಾಲಿನ ಸ್ನಾಯುಗಳಿಗೆ ಅಪ್ಪಣೆ ಕೊಡುತ್ತಿರಬೇಕು. ವಯಸ್ಸಾದಂತೆ ಈ ನೌಕರರೆಲ್ಲರೂ ಒಟ್ಟಿಗೆ ನಿಧಾನವಾಗುತ್ತಾರೆ. ಕಣ್ಣಿನಲ್ಲಿ ಪೊರೆ ಬರುತ್ತದೆ. ಮಧುಮೇಹವಿದ್ದರೆ ಅಂಗಾಲು ಜೋಮು ಹಿಡಿಯುತ್ತದೆ. ತೊಡೆಯ ಸ್ನಾಯುಗಳು ಸೊರಗುತ್ತವೆ. ಒಬ್ಬನ ಕೊರತೆಯನ್ನು ಇನ್ನೊಬ್ಬನು ತುಂಬಿಕೊಡುತ್ತಾ ಹೇಗೋ ಸಂಸಾರ ನಡೆಯುತ್ತಿರುತ್ತದೆ. ಕತ್ತಲಾಯಿತೆಂದರೆ ಕಣ್ಣಿನ ಸಹಾಯವೂ ತಪ್ಪುತ್ತದೆ. ರಾತ್ರಿಯ ಹೊತ್ತು ಬಚ್ಚಲಿಗೆ ಹೋಗುವಾಗಲೇ ಇಷ್ಟೊಂದು ಜನ ಬೀಳುವುದಕ್ಕೆ ಇದು ಒಂದು ಕಾರಣ.

ಇನ್ನೊಂದು ಕಾರಣ ರಕ್ತದ ಒತ್ತಡ. ಮಲಗಿದ್ದವರು ಎದ್ದು ನಿಂತಾಗ ರಕ್ತವು ಕಾಲಿನ ಕಡೆಗೆ ಇಳಿಯುತ್ತದೆ. ತರುಣರಲ್ಲಿ ರಕ್ತನಾಳಗಳು ಕೂಡಲೇ ಬಿಗಿದುಕೊಂಡು ಮಿದುಳಿಗೆ ಸಲ್ಲಬೇಕಾದುದನ್ನು ಸಲ್ಲಿಸುತ್ತವೆ. ಮುದುಕರಲ್ಲಿ ಈ ಏರ್ಪಾಡು ತಡವಾಗುತ್ತದೆ. ಎದ್ದು ನಿಂತ ಮೂರು ನಿಮಿಷದೊಳಗೆ ಒತ್ತಡದ ಮೇಲಿನ ಅಂಕಿ 20ರಷ್ಟು ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದನ್ನು ನಾವು ದೋಷವೆಂದು ಎಣಿಸುತ್ತೇವೆ. ಕುಳಿತವರ ಒತ್ತಡವನ್ನು ಮಾತ್ರ ಅಳೆದರೆ ಇದು ಗೊತ್ತಾಗುವುದೇ ಇಲ್ಲ. ಆದುದರಿಂದ ತಮ್ಮ ಮನೆಯ ಹಿರಿಯರನ್ನು ವೈದ್ಯರ ಬಳಿಗೆ ಕರೆದುಕೊಂಡು ಹೋದಾಗ, ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಒತ್ತಡವನ್ನು ನೋಡಬೇಕೆಂದು ವಿನಯದಿಂದ ಕೇಳಿರಿ. ಯಾವ ವೈದ್ಯನೂ ಇದಕ್ಕೆ ಬೇಸರಪಡಬಾರದು. ಬೇಸರಪಟ್ಟರೂ ಚಿಂತೆಯಿಲ್ಲ, ಕೇಳಿರಿ. ಮನೆಯಲ್ಲಿ ಮಾಡಬೇಕಾದುದು ಸುಲಭ: ಎಚ್ಚರವಾದ ಕೂಡಲೇ ಏಳಬಾರದು, ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತು, ಪಾದಗಳನ್ನು ಹತ್ತಾರು ಸಲ ಮೇಲಕ್ಕೂ ಕೆಳಕ್ಕೂ ಆಡಿಸಿ, ಒಂದೆರಡು ನಿಮಿಷ ತಡೆದು, ಏನನ್ನಾದರೂ ಹಿಡಿದುಕೊಂಡು ನಿಲ್ಲಬೇಕು. ಎಣ್ಣೆಸ್ನಾನವಾದ ಮೇಲೆ ಬಿಸಿನೀರಿನ ಕಾವಿಗೆ ರಕ್ತನಾಳಗಳು ಸಡಿಲವಾಗಿ ಒತ್ತಡ ಇಳಿದಿರುತ್ತದೆ. ಅದರ ಮೇಲೆ ಅಂಗಾಲಿನಲ್ಲಿ ಎಣ್ಣೆ, ನೆಲದಲ್ಲಿ ಸೀಗೆಪುಡಿಯ ಜಿಡ್ಡು. ಹಬ್ಬದ ಎಣ್ಣೆಸ್ನಾನವನ್ನು ಬಿಡಿರೆಂದು ನಾನು ಹೇಳಲಾರೆ, ಹೇಳಿದರೂ ಯಾರೂ ಕೇಳರು. ಆದರೆ ಅಂಗಾಲಿಗೆ ಎಣ್ಣೆ ಬೇಡ. ನಿಂತು ಸ್ನಾನ ಮಾಡುವುದು ಬೇಡ. ಗಟ್ಟಿಯಾದ ಎತ್ತರದ ಮಣೆಯೋ ಕುರ್ಚಿಯೋ ಇರಲಿ. ಒಳಗಿನಿಂದ ಅಗುಳಿ ಹಾಕಿಕೊಳ್ಳುವುದಂತೂ ಬೇಡವೇ ಬೇಡ.

ಔಷಧಗಳ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದಕ್ಕೆ ಅಪ್ಪಣೆಯಾಗಬೇಕು. ನಿದ್ರೆ ಬರಿಸುವ ಡಯಾಜೆಪಾಮ್, ಅಲ್‌ಪ್ರಜೋಲಾಮ್ ಮೊದಲಾದ ಮಾತ್ರೆಗಳು ಮುದುಕರ ದೇಹದಿಂದ ಬೇಗ ಹೊರಬೀಳುವುದಿಲ್ಲ. ರಾತ್ರಿ ಎದ್ದಾಗಲೂ, ಎಷ್ಟೋ ವೇಳೆ ಮರುದಿನ ಬೆಳಗ್ಗೆಯೂ, ಕಾಲು ತಡವರಿಸುತ್ತದೆ. ಹಳೆಯ ತರಹದ ನೆಗಡಿಯ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಾಮಿನ್ ಎಂಬುದು ಮಂಪರನ್ನೂ ಗೊಂದಲವನ್ನೂ ತರುತ್ತದೆ. ಅಂಗಡಿಯಲ್ಲಿ ಕೇಳಿದವರಿಗೆಲ್ಲಾ ಸಿಕ್ಕುತ್ತದೆಯೆಂದ ಮಾತ್ರಕ್ಕೆ ಅದು ನಿರಪಾಯವಲ್ಲ. ಗಂಡಸರಿಗೆ ಮೂತ್ರದ ತೊಂದರೆಗಾಗಿ ಕೊಡುವ ಕೆಲವು ಔಷಧಗಳು ನಿಂತಾಗ ಒತ್ತಡವನ್ನು ಇಳಿಸುತ್ತವೆ. ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ಸಂಜೆ ತೆಗೆದುಕೊಂಡರೆ ರಾತ್ರಿಯೆಲ್ಲಾ ಎದ್ದು ಓಡಾಡಬೇಕಾಗುತ್ತದೆ. ಮಧುಮೇಹಕ್ಕೆ ಗ್ಲಿಬೆನ್‌ಕ್ಲಮೈಡ್‌ನಂತಹ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು, ಏಕಾದಶಿಯೆಂದು ಊಟ ಬಿಟ್ಟರೆ ಸಕ್ಕರೆ ಇಳಿದು ತಲೆ ತಿರುಗಿ ಬೀಳುವುದು ಆಶ್ಚರ್ಯವಲ್ಲ. ಉಪವಾಸ ಮಾಡುವವರು ಮುಂಚಿತವಾಗಿ ವೈದ್ಯರನ್ನು ಕೇಳತಕ್ಕದ್ದು. ಆದರೆ ಇದನ್ನು ಕೇಳಿದವರು ಈ ಸಂಜೆಯೇ ಔಷಧಗಳನ್ನೆಲ್ಲಾ ಮೂಲೆಗೆ ಎಸೆಯಬಾರದು. ಬಹುಕಾಲ ಸೇವಿಸಿದ ನಿದ್ರೆಯ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದರೆ ಚಡಪಡಿಕೆ, ನಡುಕ, ಕೆಲವರಲ್ಲಿ ಅಪಸ್ಮಾರದಂತಹ ಸೆಳೆತಗಳೂ ಬರಬಹುದು. ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು. ಮಾಡಬೇಕಾದ ಕೆಲಸವೆಂದರೆ, ಒಂದು ಕೈಚೀಲದಲ್ಲಿ ಮನೆಯಲ್ಲಿರುವ ಔಷಧಗಳನ್ನೆಲ್ಲಾ, ಇಂಗ್ಲಿಷ್ ಔಷಧ, ಆಯುರ್ವೇದದ ಚೂರ್ಣ, ಪಕ್ಕದ ಮನೆಯವರು ಕೊಟ್ಟ ಗುಳಿಗೆ ಎಂಬ ಭೇದವೆಣಿಸದೆ, ತುಂಬಿಕೊಂಡು ಹೋಗಿ ಒಬ್ಬ ವೈದ್ಯರ ಮುಂದೆ ಸುರಿದು, ಇವುಗಳಲ್ಲಿ ಯಾವುದನ್ನು ಬಿಡಬಹುದೆಂದು ಕೇಳುವುದು. ಏನನ್ನು ಸೇರಿಸಬೇಕೆಂದು ಕೇಳುವವರನ್ನು ದಿನವೂ ಕಾಣುತ್ತೇನೆ. ಏನನ್ನು ಬಿಡಬಹುದೆಂದು ಕೇಳುವವರು ತಿಂಗಳಿಗೊಬ್ಬರು ಬಂದರೆ ಹೆಚ್ಚು.

ಮನೆಯ ಏರ್ಪಾಡುಗಳನ್ನು ಬೇಗ ಹೇಳಿಬಿಡುತ್ತೇನೆ. ಮಂಚದಿಂದ ಬಚ್ಚಲಿನವರೆಗೆ ರಾತ್ರಿಯೆಲ್ಲಾ ಉರಿಯುವ ಸಣ್ಣ ದೀಪ. ಬಚ್ಚಲಲ್ಲಿಯೂ ಶೌಚದ ಪಕ್ಕದಲ್ಲಿಯೂ ಗೋಡೆಗೆ ಭದ್ರವಾಗಿ ನೆಟ್ಟ ಹಿಡಿಕಂಬಿ (ಬಟ್ಟೆ ಹಾಕುವ ಕಂಬಿಯನ್ನು ನಂಬಬಾರದು, ಅದು ಕಿತ್ತುಬರುತ್ತದೆ). ಕುಕ್ಕರುಗಾಲಿನಲ್ಲಿ ಕುಳಿತು ಏಳಲಾರದವರಿಗೆ ಎತ್ತರದ ಶೌಚಪೀಠ. ಹೊಸ್ತಿಲಿನ ಅಂಚಿಗೆ ಎದ್ದು ಕಾಣುವ ಬಣ್ಣ. ಮಡಿಸಿಕೊಳ್ಳುವ ಚಾಪೆ, ಜಮಖಾನೆಗಳಿಗೆ ಓಡಾಡುವ ಜಾಗದಿಂದ ಗಡೀಪಾರು. ರಂಗೋಲಿಗೆಂದು ಬಾಗಿಲ ಮುಂದೆ ನೀರು ಹಾಕಿದ ಮೇಲೆ ಹಿರಿಯರು ಅಲ್ಲಿ ನಡೆಯದಂತೆ ಎಚ್ಚರವಿರಲಿ. ಸವೆದ ರಬ್ಬರ್ ಚಪ್ಪಲಿಗಿಂತ ಹಿಮ್ಮಡಿ ಹಿಡಿಯುವ ಪಾದರಕ್ಷೆ ಮೇಲು. ಕಣ್ಣಿನ ಪೊರೆಗೆ ಹಣ್ಣಾಗಲೆಂದು ಕಾಯುವ ಕಾಲ ಹೋಯಿತು. ಮೊದಲನೆಯ ಕಣ್ಣಿನ ಶಸ್ತ್ರಚಿಕಿತ್ಸೆಯಾದವರು ಬೀಳುವುದು ಕಡಿಮೆಯಾಗುತ್ತದೆಂದು ಪರೀಕ್ಷೆಗಳಿಂದ ತಿಳಿದಿದೆ.

ಇಷ್ಟಾದರೂ ಬಿದ್ದರೆ ಏನು ಮಾಡಬೇಕು? ಮೊದಲು, ಎತ್ತಬಾರದು. ನಮ್ಮ ಕೈಗಳು ತಾವಾಗಿಯೇ ಮುಂದಕ್ಕೆ ಹೋಗುತ್ತವೆ, ತಡೆದುಕೊಳ್ಳಬೇಕು. ಪಕ್ಕದಲ್ಲಿ ಕುಳಿತು ಮಾತನಾಡಿಸಿರಿ. ಎಚ್ಚರವಿದೆಯೇ, ತಲೆಗೆ ಪೆಟ್ಟಾಗಿದೆಯೇ, ಕತ್ತಿನಲ್ಲಿ ಬೆನ್ನಿನಲ್ಲಿ ನೋವಿದೆಯೇ, ಕೈಕಾಲುಗಳನ್ನು ಆಡಿಸಬಲ್ಲರೇ ಎಂದು ನೋಡಿರಿ. ಮುಖ ಒಂದು ಕಡೆಗೆ ಸೊಟ್ಟಗಾಗಿದೆಯೇ, ಮಾತು ತೊದಲುತ್ತಿದೆಯೇ, ಒಂದು ಕೈಗೆ ಬಲವಿಲ್ಲವೇ? ಹಾಗಿದ್ದರೆ ಬಿದ್ದುದರಿಂದ ಹಾಗಾದುದಲ್ಲ, ಪಾರ್ಶ್ವವಾಯು ಬಡಿದು ಬಿದ್ದಿರಬಹುದು. ಅದಕ್ಕೆ ಪ್ರತಿ ನಿಮಿಷವೂ ಅಮೂಲ್ಯ. ತೊಡೆಯ ಸಂದಿನಲ್ಲಿ ನೋವಿದ್ದು ಕಾಲೆತ್ತಲಾಗದಿದ್ದರೆ, ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ಮೂಳೆ ಮುರಿದಿದೆಯೆಂದೇ ಭಾವಿಸಿ, ಅಲ್ಲಾಡಿಸದೆ, ಕಂಬಳಿ ಹೊದೆಸಿ, 108ಕ್ಕೆ ಕರೆ ಕಳುಹಿಸಿರಿ. ನೀವುವುದು, ಎಳೆಯುವುದು, ಶಾಖ ಕೊಡುವುದು ಯಾವುದೂ ಬೇಡ. ಧೈರ್ಯಕ್ಕೆಂದು ಕಾಫಿ ಉಪ್ಪಿಟ್ಟು ಕೊಡುವುದೂ ವೈದ್ಯರು ನೋಡುವವರೆಗೆ ಬೇಡ. ಒಂದು ಎಚ್ಚರಿಕೆ: ಮುರಿದ ತುದಿಗಳು ಒಂದರೊಳಗೊಂದು ಕಚ್ಚಿಕೊಂಡಿದ್ದರೆ ಕೆಲವರು ಕುಂಟುತ್ತಾ ನಡೆಯಲೂ ಬಲ್ಲರು. ನಡೆದರೆಂದ ಮಾತ್ರಕ್ಕೆ ಮುರಿದಿಲ್ಲವೆಂದು ತಿಳಿಯಲಾಗದು. ಬಿದ್ದ ಮೇಲೆ ತೊಡೆಯ ಸಂದಿನ ನೋವು ಉಳಿದರೆ ಕ್ಷಕಿರಣದ ಚಿತ್ರ ತೆಗೆಸಲೇಬೇಕು.

ತಲೆಗೆ ಪೆಟ್ಟಾದವರ ವಿಷಯದಲ್ಲಿ ಇನ್ನೊಂದು ಮಾತು. ಮುದುಕರಲ್ಲಿ ಮಿದುಳಿನ ಹೊದಿಕೆಯ ಕೆಳಗೆ ರಕ್ತವು ಮೆಲ್ಲಗೆ ಜಿನುಗಿ, ಎರಡು ಮೂರು ವಾರಗಳ ಮೇಲೆ ತಲೆನೋವು, ಮಂಕು, ಮಾತಿನ ಗೊಂದಲ, ನಡಿಗೆಯ ತೂರಾಟ ಕಾಣಿಸಿಕೊಳ್ಳುವುದುಂಟು. ಆ ವೇಳೆಗೆ ಬಿದ್ದ ಸಂಗತಿಯೇ ಮರೆತುಹೋಗಿರುತ್ತದೆ. ಅರುಳುಮರುಳೆಂದು ಮನೆಯವರು ಕೈಚೆಲ್ಲುತ್ತಾರೆ. ಸಕಾಲದಲ್ಲಿ ಕಂಡುಹಿಡಿದರೆ ಈ ರಕ್ತವನ್ನು ಹೊರಗೆ ತೆಗೆದು ಗುಣಪಡಿಸಬಹುದು. ವಾರ್ಫರಿನ್ ಮೊದಲಾದ ರಕ್ತವನ್ನು ತಿಳಿಯಾಗಿಸುವ ಔಷಧ ತೆಗೆದುಕೊಳ್ಳುವವರು ತಲೆಗೆ ಪೆಟ್ಟಾದ ದಿನವೇ, ಏನೂ ತೊಂದರೆಯಿಲ್ಲದಿದ್ದರೂ, ಆಸ್ಪತ್ರೆಗೆ ಹೋಗಬೇಕು.

ಮೂಳೆ ಕಟ್ಟುವವರನ್ನು ನಾನು ಹೀನೈಸುತ್ತಿಲ್ಲ. ನಮ್ಮ ದೇಶದಲ್ಲಿ ಈ ವಿದ್ಯೆ ಪುರಾತನವಾದುದು. ಸುಶ್ರುತಸಂಹಿತೆಯಲ್ಲಿ ಕೀಲು ತಪ್ಪುವುದರಲ್ಲಿ 6 ಬಗೆ, ಮೂಳೆ ಮುರಿಯುವುದರಲ್ಲಿ 12 ಬಗೆಯೆಂದು ವಿಂಗಡಿಸಿದೆ. ತೊಡೆ ಮುರಿದವರನ್ನು ಹಲಗೆಯ ಮೇಲೆ ಮಲಗಿಸಿ ಗೂಟಗಳಿಂದ ಬಿಗಿದು ಅಲುಗದಂತೆ ಮಾಡುವ ವಿಧಾನವನ್ನೂ ಹೇಳಿದೆ. ಮುಂಗೈಯ ಮೂಳೆಯೋ ಬೆರಳಿನ ಮೂಳೆಯೋ ಕಟ್ಟಿನಿಂದ ಕೂಡಿಕೊಳ್ಳಬಹುದು. ತೊಡೆಯ ಮೂಳೆಯ ಕತ್ತಿನ ಸ್ಥಿತಿ ಬೇರೆ. ಅದರ ತಲೆಗೆ ರಕ್ತವನ್ನು ಒಯ್ಯುವ ನಾಳಗಳಲ್ಲಿ ಹೆಚ್ಚಿನವು ಆ ಕತ್ತಿನ ಉದ್ದಕ್ಕೂ ಸಾಗುತ್ತವೆ. ಕತ್ತು ಮುರಿದರೆ ಅವೂ ಹರಿಯುತ್ತವೆ. ರಕ್ತವಿಲ್ಲದ ಮೂಳೆ ಎಷ್ಟು ಕಟ್ಟಿದರೂ ಕೂಡುವುದಿಲ್ಲ. ಇಂಗ್ಲೆಂಡಿನ ಆಸ್ಟ್ಲಿ ಕೂಪರ್ ಎಂಬ ಶಸ್ತ್ರವೈದ್ಯನು 1822ರಲ್ಲಿಯೇ ಈ ಭೇದವನ್ನು ಬರೆದಿಟ್ಟನು. ಆದರೆ ಅವನ ಕಾಲದಲ್ಲಿ ಅದಕ್ಕೆ ಪರಿಹಾರವಿರಲಿಲ್ಲ. ಅಮೆರಿಕದ ಬಾಸ್ಟನ್ನಿನ ಸ್ಮಿತ್-ಪೀಟರ್ಸನ್ನನು 1925ರಲ್ಲಿ ಮೂರು ಅಂಚಿನ ಉಕ್ಕಿನ ಮೊಳೆಯಿಂದ ಮುರಿದ ತುದಿಗಳನ್ನು ಜೋಡಿಸಿದನು. ಇಂಗ್ಲೆಂಡಿನ ಜಾನ್ ಚಾರ್ನ್‌ಲಿಯು 1962ರ ಹೊತ್ತಿಗೆ ಸವೆಯದೆ ಬಹುಕಾಲ ಬಾಳುವ ಕೃತಕ ಕೀಲನ್ನು ರೂಪಿಸಿದನು. ಈಗ ಮುರಿತದ ಬಗೆಯನ್ನು ನೋಡಿ ತಿರುಪುಗಳಿಂದ ಜೋಡಿಸುತ್ತಾರೆ, ಇಲ್ಲವೇ ಕೀಲಿನ ಅರ್ಧವನ್ನೋ ಪೂರ್ತಿಯನ್ನೋ ಬದಲಾಯಿಸುತ್ತಾರೆ.

"ಈ ವಯಸ್ಸಿನಲ್ಲಿ ಶಸ್ತ್ರಚಿಕಿತ್ಸೆಯೇ?" ಎಂದು ಮನೆಯವರು ಕೇಳುವುದು ಸ್ವಾಭಾವಿಕ. ನನ್ನ ಉತ್ತರ ಇದು: ಈ ವಯಸ್ಸಿನಲ್ಲಿ ಮಲಗಿಸುವುದೇ? ಮಲಗಿದವರಿಗೆ ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹಸಿವು ಅಡಗುತ್ತದೆ, ಮನಸ್ಸು ಕುಗ್ಗುತ್ತದೆ. ಒಳ್ಳೆಯ ಚಿಕಿತ್ಸೆಯಿದ್ದರೂ ತೊಡೆಯ ಕತ್ತು ಮುರಿದ ವೃದ್ಧರಲ್ಲಿ ಐವರಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಚಿಕಿತ್ಸೆಯಿಲ್ಲದೆ ಮಲಗಿದವರ ಗತಿ ಇನ್ನೂ ಕಷ್ಟ. ಎರಡು ದಿನಗಳೊಳಗೆ ಶಸ್ತ್ರಚಿಕಿತ್ಸೆಯಾಗಬೇಕು. ಮಾರನೆಯ ದಿನವೇ ಎಬ್ಬಿಸಿ ಕೂರಿಸಿ, ಆಸರೆ ಕೊಟ್ಟು ನಿಲ್ಲಿಸಬೇಕು. ಹೃದಯದ ದೌರ್ಬಲ್ಯ ವಿಪರೀತವಾಗಿರುವ, ಮೊದಲೇ ಹಾಸಿಗೆ ಹಿಡಿದಿರುವ ಕೆಲವರಲ್ಲಿ ಮಾತ್ರ ವೈದ್ಯರು ಬೇರೆ ರೀತಿಯಾಗಿ ಆಲೋಚಿಸಬಹುದು. ಅಂತಹವರಿಗೂ ನೋವಿನ ಶಮನವನ್ನು ಯಾರೂ ನಿರಾಕರಿಸಬಾರದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸ ಆಗ ಮನೆಯವರದು.

ನನ್ನ ತಾಯಿಯವರಿಗೆ ಎಂಟನೆಯ ದಿನ ಶಸ್ತ್ರಚಿಕಿತ್ಸೆಯಾಯಿತು. ಮರುದಿನ ರಾತ್ರಿ ಅವರು ನನ್ನನ್ನು ಗುರುತಿಸಲಿಲ್ಲ. ಗೋಡೆಯ ಮೇಲೆ ಇರುವೆಗಳು ಹರಿಯುತ್ತಿವೆಯೆಂದರು. ತೀರಿಹೋದ ತಮ್ಮ ಅಣ್ಣನನ್ನು ಕರೆದರು. ನಳಿಕೆಯನ್ನು ಕೀಳಲು ಹೋದರು. ತಮ್ಮನು ಹೊರಗೆ ಹೋಗಿ ಅತ್ತನು, ಬುದ್ಧಿ ಕೆಟ್ಟಿತೆಂದು. ಇದು ಬುದ್ಧಿ ಕೆಡುವುದಲ್ಲ. ದೊಡ್ಡ ಪೆಟ್ಟು, ನೋವು, ಹೊಸ ಸ್ಥಳ, ನಿದ್ರಾಭಂಗ, ಔಷಧ ಇವೆಲ್ಲಾ ಸೇರಿ ವೃದ್ಧರಲ್ಲಿ ಹೀಗೆ ಸನ್ನಿಯಂತಹ ಗೊಂದಲವನ್ನು ತರುವುದು ಬಹು ಸಾಮಾನ್ಯ. ಬಹುಪಾಲು ಕೆಲವು ದಿನಗಳಲ್ಲಿ ಇಳಿಯುತ್ತದೆ. ಕಟ್ಟಿಹಾಕುವುದು, ಗದರಿಸುವುದು ಇದನ್ನು ಹೆಚ್ಚಿಸುತ್ತವೆ. ಪರಿಚಿತರೊಬ್ಬರು ಪಕ್ಕದಲ್ಲಿರಬೇಕು, ಕನ್ನಡಕವನ್ನೂ ಕಿವಿಯ ಯಂತ್ರವನ್ನೂ ಹಾಕಬೇಕು, ಹಗಲು ಬೆಳಕು, ರಾತ್ರಿ ಕತ್ತಲೆ ಇರಬೇಕು, ಇದು ಯಾವ ದಿನ, ಇದು ಆಸ್ಪತ್ರೆ, ನಾನು ನಿಮ್ಮ ಮಗ ಎಂದು ಬೇಸರಿಲ್ಲದೆ ಹೇಳುತ್ತಿರಬೇಕು. ನಾಲ್ಕನೆಯ ದಿನ ತಾಯಿಯವರು ಕಣ್ಣು ಬಿಟ್ಟು, "ಕಾಫಿಗೆ ಸಕ್ಕರೆ ಸಾಲದು" ಎಂದರು. ಅಷ್ಟು ಸಂತೋಷದಿಂದ ನಾನು ಯಾವ ದೂರನ್ನೂ ಕೇಳಿದುದಿಲ್ಲ.

ಮೂಳೆಯ ಬಲದ ವಿಚಾರದಲ್ಲಿ ನಮ್ಮ ನಾಡಿನವರು ಪುಣ್ಯವಂತರು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದರ ಅಲ್ಪಭಾಗವೂ ಇಲ್ಲ. ಪಟ್ಟಣದವರು ರಾಗಿಯನ್ನು ಬಿಟ್ಟು, ಈಗ ಮಾತ್ರೆಯಂಗಡಿಯಲ್ಲಿ ಸುಣ್ಣವನ್ನು ಕೊಳ್ಳುತ್ತಿರುವುದು ವಿನೋದವೇ ಸರಿ. ಹಾಲು, ಮೊಸರು, ಬೇಳೆಗಳು, ತಿನ್ನುವವರಿಗೆ ಮೊಟ್ಟೆ, ಮೀನು ಇವೆಲ್ಲವೂ ಬೇಕು. ವೃದ್ಧರಿಗೆ ಗಂಜಿ ಸಾಕೆಂಬುದು ತಪ್ಪು, ಸ್ನಾಯುಗಳಿಗೆ ಸಸಾರಜನಕವಿಲ್ಲದೆ ಬಲವಿಲ್ಲ. ಡಿ ಜೀವಸತ್ತ್ವವು ಕೊರತೆಯಾಗಿದ್ದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಬೇಕು. ಹೆಚ್ಚಾದರೆ ಒಳ್ಳೆಯದೆಂದು ಎಣಿಸಬಾರದು. ಆಸ್ಟ್ರೇಲಿಯಾದಲ್ಲಿ 70 ದಾಟಿದ ಸ್ತ್ರೀಯರಿಗೆ ವರ್ಷಕ್ಕೊಮ್ಮೆ ಒಂದೇ ಸಲ 5,00,000 ಯೂನಿಟ್ಟುಗಳನ್ನು ಕೊಟ್ಟು ನೋಡಿದಾಗ, 2010ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವರು ಬೀಳುವುದು ಕಡಿಮೆಯಾಗುವ ಬದಲು ಹೆಚ್ಚಾಯಿತು. ಒಮ್ಮೆ ಸುಮ್ಮನೆ ಬಿದ್ದುದಕ್ಕೇ ಮೂಳೆ ಮುರಿದವರಿಗೆ ಮೂಳೆ ಸವೆತದ ಔಷಧ ಬೇಕೇ ಎಂಬುದನ್ನು ಕೇಳಲು ಮರೆಯಬೇಡಿರಿ. ಅನೇಕ ಕಡೆ ಇದನ್ನು ಮರೆತು ಮನೆಗೆ ಕಳುಹಿಸುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ಬೀಳುವುದನ್ನು ತಡೆಯತಕ್ಕದ್ದು ವ್ಯಾಯಾಮ. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯಾದ ವ್ಯಾಯಾಮದಿಂದ ಬೀಳುವುದು ಸುಮಾರು ನಾಲ್ಕನೆಯ ಒಂದು ಭಾಗದಷ್ಟು ತಗ್ಗುತ್ತದೆಂದು ತಿಳಿದಿದೆ. ಬರಿಯ ವಾಯುವಿಹಾರ ಸಾಲದು. ಕಾಲಿನ ಬಲಕ್ಕೂ ಸಮತೋಲನಕ್ಕೂ ಬೇರೆಯಾಗಿ ಸಾಧನೆ ಬೇಕು. ಅಡಿಗೆಮನೆಯ ಕಟ್ಟೆಯನ್ನು ಹಿಡಿದು ಹತ್ತು ಸಲ ತುದಿಗಾಲಿನ ಮೇಲೆ ಏಳುವುದು. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಮೊದಲು ಐದು ಸಲ, ಆಮೇಲೆ ಹತ್ತು. ಹಿಮ್ಮಡಿಗೆ ಬೆರಳು ತಾಗಿಸಿ ಗೋಡೆಯ ಪಕ್ಕದಲ್ಲಿ ಒಂದೇ ಗೆರೆಯ ಮೇಲೆ ನಡೆಯುವುದು. ಪರೀಕ್ಷೆಯೂ ಸುಲಭ. ಕುರ್ಚಿಯಿಂದ ಎದ್ದು, ಮೂರು ಮೀಟರು ನಡೆದು, ತಿರುಗಿ ಬಂದು ಕೂರುವುದಕ್ಕೆ 12 ಸೆಕೆಂಡು ಹಿಡಿದರೆ, ಅಥವಾ ಅದಕ್ಕೂ ಹೆಚ್ಚಾದರೆ, ಅಂತಹವರು ಬೀಳುವ ಸಂಭವ ಹೆಚ್ಚೆಂದು ತಿಳಿದು ವೈದ್ಯರನ್ನು ಕಾಣಬೇಕು.

ಬಿದ್ದವರನ್ನು ಮನೆಯಲ್ಲಿ ಕೂಡಿಹಾಕುವುದು ಪರಿಹಾರವಲ್ಲವೆಂಬುದು ನನ್ನ ಖಂಡಿತವಾದ ಅಭಿಪ್ರಾಯ. ನಡೆಯದ ಕಾಲು ಇನ್ನೂ ಸೊರಗುತ್ತದೆ, ಮುಂದಿನ ಸಲ ಇನ್ನೂ ಸುಲಭವಾಗಿ ಬೀಳುತ್ತದೆ. ಅಷ್ಟೇ ಅಲ್ಲ, ಬಿದ್ದುದನ್ನು ಹೇಳಿದರೆ ಸ್ವಾತಂತ್ರ್ಯ ಹೋಗುವುದೆಂದು ಗೊತ್ತಾದರೆ ಯಾವ ತಾಯಿಯೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಆದುದು ಅದೇ. ಈ ವಾರದಲ್ಲಿ ಒಂದು ದಿನ ತಮ್ಮ ಹಿರಿಯರ ಪಕ್ಕದಲ್ಲಿ ಕುಳಿತು, ಈ ವರ್ಷ ಎಲ್ಲಿಯಾದರೂ ಬಿದ್ದಿರಾ ಎಂದು ಕೇಳಿರಿ. ಕೇಳುವ ಮುಂಚೆ, ಬಿದ್ದಿದ್ದರೂ ತಮ್ಮನ್ನು ಯಾವುದಕ್ಕೂ ತಡೆಯುವುದಿಲ್ಲವೆಂದು ಮಾತು ಕೊಡಿರಿ.

ಊರುಗೋಲಿನ ವಿಚಾರವನ್ನು ಹೇಳಿ ಮುಗಿಸುತ್ತೇನೆ. ಪೇಟೆಯಲ್ಲಿ ಕೊಂಡ ಕೋಲು ಸಾಮಾನ್ಯವಾಗಿ ಉದ್ದವಾಗಿರುತ್ತದೆ. ಪಾದರಕ್ಷೆ ಹಾಕಿಕೊಂಡು ನೆಟ್ಟಗೆ ನಿಂತು ಕೈಯನ್ನು ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಯ ಮಟ್ಟಕ್ಕೆ ಹಿಡಿ ಬರಬೇಕು. ನೋವಿರುವ ಕಾಲಿನ ಕಡೆಯಲ್ಲಿ ಹಿಡಿಯುವುದು ಎಲ್ಲರೂ ಮಾಡುವ ತಪ್ಪು. ಎಡಗಾಲು ದುರ್ಬಲವಾದರೆ ಕೋಲು ಬಲಗೈಯಲ್ಲಿರಬೇಕು, ಕೋಲೂ ಎಡಗಾಲೂ ಒಟ್ಟಿಗೆ ಮುಂದಕ್ಕೆ ಹೋಗಬೇಕು. ತುದಿಯ ರಬ್ಬರು ಸವೆದರೆ ಕೂಡಲೇ ಬದಲಾಯಿಸಬೇಕು. ತಾಯಿಯವರ ಕೋಲನ್ನು ನಾವು ಎರಡು ಅಂಗುಲ ಕತ್ತರಿಸಬೇಕಾಯಿತು. ಮೂರು ತಿಂಗಳಾದ ಮೇಲೆ ಅವರು ಅದನ್ನು ಹಿಡಿದು, ಕೆಲಸದವಳನ್ನು ಜೊತೆಗೆ ಕರೆದುಕೊಂಡು, ದೇವಸ್ಥಾನಕ್ಕೆ ಹೋಗಿಬಂದರು. ಆ ಬಳಿಕ ಐದು ವರ್ಷ ಬದುಕಿದ್ದರು. ಒಂದು ಸಲ ಮಾತ್ರ ಬಿದ್ದರು, ಆ ಸಂಜೆಯೇ ನಮಗೆ ಹೇಳಿದರು.